ಒದ್ದೆ ಮಣ್ಣಿನಲ್ಲೇ ಬಾಡುತ್ತಿದ್ದ ಕಿತ್ತಳೆ ಮರಗಳು

ತೋಟ ನನ್ನ ಕೈಗೆ ಬಂದಾಗಲೇ ತಗ್ಗಿನ ಸಾಲುಗಳ ಕಿತ್ತಳೆ ಮರಗಳು ಸೊರಗಿದ್ದವು. ಎಲೆ ಚಿಕ್ಕದು, ಬಣ್ಣ ಮಂಕು. ಕೆಲವು ಎಲೆಗಳಲ್ಲಿ ನಡುನರ ಮಾತ್ರ ಹಳದಿ. ಕೊಂಬೆಗಳ ತುದಿ ಒಣಗಿ ಬರೀ ಕಡ್ಡಿ ಉಳಿದಿತ್ತು. ಹೂವು ಮಾತ್ರ ಹೊತ್ತಲ್ಲದ ಹೊತ್ತಿನಲ್ಲಿ ವಿಪರೀತ ಬಿಡುತ್ತಿತ್ತು. ಕಾಯಿ ಕಟ್ಟಿದರೂ ದಪ್ಪಗಾಗುತ್ತಿರಲಿಲ್ಲ. ಸ್ವಲ್ಪ ಮೇಲೆ, ಏರಿನಲ್ಲಿ, ಅದೇ ವಯಸ್ಸಿನ ಅದೇ ತಳಿಯ ಮರಗಳು ದಟ್ಟ ಹಸಿರಾಗಿ ನಿಂತಿದ್ದವು.

ನೋಡಿದವರೆಲ್ಲ ಒಂದೊಂದು ಹೇಳಿದರು. ಗೊಬ್ಬರ ಸಾಲದು ಎಂದರು ಕೆಲವರು. ಸತುವಿನ ಕೊರತೆ ಎಂದರು ಇನ್ನು ಕೆಲವರು. ನೀರು ಸಾಲದು ಎಂದವರೂ ಇದ್ದರು. ಯಾಕೆಂದರೆ ಮಧ್ಯಾಹ್ನದ ಹೊತ್ತಿಗೆ ಎಲೆಗಳು ಮುದುರಿಕೊಂಡು ಜೋತು ಬೀಳುತ್ತಿದ್ದವು. ಆದರೆ ಬುಡದ ಮಣ್ಣನ್ನು ಹಿಡಿದು ಹಿಂಡಿದರೆ ಬೆರಳ ಸಂದಿಯಲ್ಲಿ ನೀರು ಜಿನುಗುತ್ತಿತ್ತು. ಇಷ್ಟು ಒದ್ದೆ ಮಣ್ಣಿನಲ್ಲಿ ನಿಂತ ಮರ ಬಾಡುವುದು ಹೇಗೆ? ಈ ಒಂದು ಪ್ರಶ್ನೆಗೆ ಉತ್ತರ ಸಿಗುವವರೆಗೆ ಗೊಬ್ಬರದ ಚೀಲ ಬಿಚ್ಚುವುದು ಬೇಡ ಅಂದುಕೊಂಡೆ.

ಮೊದಲು ಒಂದು ಭಯ ಕಳೆದುಕೊಳ್ಳಬೇಕಿತ್ತು. ಸಿಟ್ರಸ್ ಗ್ರೀನಿಂಗ್ ರೋಗ ಬಂದರೂ ಮರ ಹೀಗೇ ಸೊರಗುತ್ತದೆ. ಅದಕ್ಕೆ ಮದ್ದಿಲ್ಲ. ಆದರೆ ಅದರ ಹಳದಿ ಬೇರೆ ಥರ. ಎಲೆಯ ನಡುನರದ ಎರಡೂ ಬದಿ ಒಂದಕ್ಕೊಂದು ಹೊಂದುವುದಿಲ್ಲ. ಒಂದು ಕಡೆ ಮಚ್ಚೆ ಮಚ್ಚೆಯಾಗಿ ಹಳದಿ, ಇನ್ನೊಂದು ಕಡೆ ಹಸಿರು. ಪೋಷಕಾಂಶದ ಕೊರತೆಯಿಂದ ಬರುವ ಹಳದಿ ಎರಡೂ ಬದಿಯಲ್ಲಿ ಒಂದೇ ಸಮನಾಗಿರುತ್ತದೆ. ನಮ್ಮ ಮರಗಳ ಎಲೆ ಎರಡನೇ ಥರದವು. ಅದೂ ಅಲ್ಲದೆ, ಗ್ರೀನಿಂಗ್ ಹರಡುವ ಕೀಟಕ್ಕೆ ತೋಟದ ತಗ್ಗು ಯಾವುದು, ಏರು ಯಾವುದು ಎಂಬ ಲೆಕ್ಕ ಇರುವುದಿಲ್ಲ ಅಲ್ವಾ? ಇಲ್ಲಿ ಕಾಯಿಲೆ ನೀರು ಹರಿಯುವ ದಾರಿ ಹಿಡಿದು ಬಂದಿತ್ತು.

ಗುದ್ದಲಿ ತೆಗೆದುಕೊಂಡು ಬೇರು ನೋಡಲು ಹೊರಟೆ. ಕಾಂಡದ ಹತ್ತಿರ ಅಗೆದರೆ ದಪ್ಪ ಬೇರುಗಳೇ ಸಿಗುತ್ತವೆ, ಅವುಗಳಿಂದ ಹೆಚ್ಚೇನೂ ತಿಳಿಯುವುದಿಲ್ಲ. ನೋಡಬೇಕಾದದ್ದು ಹೀರುಬೇರು. ನೆರಳಿನ ಅಂಚಿಗೂ ಕಾಂಡಕ್ಕೂ ನಡುವೆ, ಮೇಲಿನ ಒಂದು ಅಡಿ ಮಣ್ಣಿನಲ್ಲಿ ಅವು ಜಾಸ್ತಿ. ಕಿತ್ತಳೆ, ಮೋಸಂಬಿ, ನಿಂಬೆ ಎಲ್ಲವೂ ಹೀಗೇ, ಬೇರು ಮೇಲೆ ಮೇಲೇ ಹರಡಿಕೊಳ್ಳುವ ಗಿಡಗಳು. ಏರಿನ ಮರದಡಿ ಒಂದು ಸಲಿಕೆ ಮಣ್ಣೆತ್ತಿದರೆ ತಿಳಿ ಕಂದು ಬಣ್ಣದ ಎಳೆಬೇರುಗಳ ಬಲೆಯೇ ಬಂತು. ತುದಿಗಳು ಬೆಳ್ಳಗಿದ್ದವು. ಎಳೆದರೆ ಗಟ್ಟಿ.

ತಗ್ಗಿನ ಮರದಡಿ ಎತ್ತಿದ ಸಲಿಕೆಯಲ್ಲಿ ಬೇರೇ ಕಡಿಮೆ. ಇದ್ದವೂ ಕಪ್ಪು. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಮೇಲಿನ ಸಿಪ್ಪೆ ಜಾರಿ ಬಂದು, ಒಳಗಿನ ನಾರು ಮಾತ್ರ ಉಳಿಯಿತು. ಮಣ್ಣಿಗೆ ಕೊಳೆತ ಮೊಟ್ಟೆಯ ವಾಸನೆ. ಇನ್ನೂ ಕೆಳಗೆ ಅಗೆದಾಗ ಮಣ್ಣಿನ ಬಣ್ಣವೇ ಬದಲಾಯಿತು. ಬೂದು ನೀಲಿ, ನಡುನಡುವೆ ತುಕ್ಕಿನ ಬಣ್ಣದ ಚುಕ್ಕೆ. ಗಾಳಿಯಿಲ್ಲದ ಮಣ್ಣಿನಲ್ಲಿ ಕಬ್ಬಿಣದ ಅಂಶ ಕೆಂಪು ಕಳೆದುಕೊಂಡು ಬೂದು ಬಣ್ಣಕ್ಕೆ ತಿರುಗುತ್ತದೆ. ಹಳೆ ಬೇರಿನ ಜಾಡು, ಬಿರುಕು, ಹೀಗೆ ಎಲ್ಲೋ ಒಂದಿಷ್ಟು ಗಾಳಿ ಹೊಕ್ಕ ಕಡೆ ಮಾತ್ರ ಕೆಂಪು ಚುಕ್ಕೆ ಉಳಿಯುತ್ತದೆ. ವಾಸನೆಗೆ ಕಾರಣ ಹೈಡ್ರೋಜನ್ ಸಲ್ಫೈಡ್. ಆಮ್ಲಜನಕ ಮುಗಿದ ಮೇಲೆ ಸಲ್ಫೇಟನ್ನು ಉಸಿರಾಟಕ್ಕೆ ಬಳಸುವ ಬ್ಯಾಕ್ಟೀರಿಯಾಗಳು ಅದನ್ನು ಬಿಡುತ್ತವೆ. ಅದು ಬೇರಿಗೆ ನೇರ ವಿಷ.

ಬೇರೂ ಉಸಿರಾಡುತ್ತದೆ ಎಂದು ಎಲ್ಲರೂ ಶಾಲೆಯಲ್ಲಿ ಓದಿರುತ್ತೇವೆ. ಆದರೆ ಅದರ ಲೆಕ್ಕ ಎಷ್ಟು ಬಿಗಿ ಎಂದು ನನಗೆ ಅರಿವಾದದ್ದು ಆಗಲೇ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರಿನಲ್ಲಿ ಕರಗುವುದು ಸುಮಾರು 8 ಮಿಲಿಗ್ರಾಂ ಅಷ್ಟೇ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನಿಂತ ನೀರಿನೊಳಗೆ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಮಣ್ಣಿನ ರಂಧ್ರಗಳಲ್ಲಿ ನೀರು ತುಂಬಿದರೆ ಮೇಲಿನಿಂದ ಹೊಸ ಆಮ್ಲಜನಕ ಬರುವುದು ಹೆಚ್ಚುಕಡಿಮೆ ನಿಂತಂತೆಯೇ. ಒಳಗಿದ್ದದ್ದನ್ನು ಬೇರುಗಳೂ ಸೂಕ್ಷ್ಮಜೀವಿಗಳೂ ಸೇರಿ ಬೇಗ ಮುಗಿಸುತ್ತವೆ. ಮಣ್ಣು ಬೆಚ್ಚಗಿದ್ದಷ್ಟೂ ಅವುಗಳ ಉಸಿರಾಟ ಜೋರು. ಹಾಗಾಗಿ ಚಳಿಯಲ್ಲಿ ನಿಂತ ನೀರಿಗಿಂತ ಸೆಕೆಯಲ್ಲಿ ನಿಂತ ನೀರು ಹೆಚ್ಚು ಅಪಾಯ.

ಆಮ್ಲಜನಕ ಇದ್ದಾಗ ಬೇರಿನ ಜೀವಕೋಶ ಒಂದು ಗ್ಲೂಕೋಸ್ ಕಣದಿಂದ ಸುಮಾರು 30 ಎಟಿಪಿ, ಅಂದರೆ ಜೀವಕೋಶ ಶಕ್ತಿಗಾಗಿ ಬಳಸುವ ಕಣಗಳನ್ನು ಪಡೆಯುತ್ತದೆ. ಇಲ್ಲದಿದ್ದರೆ ಬರೀ 2. ಅಷ್ಟರಲ್ಲಿ ಬೇರು ಬೆಳೆಯುವುದಿರಲಿ, ಬದುಕಿ ಉಳಿಯುವುದೇ ಕಷ್ಟ. ಜೀವಕೋಶದ ಒಳಗೆ ಆಮ್ಲೀಯತೆ ಹೆಚ್ಚಿ, ನೀರು ಒಳಬರುವ ಸಣ್ಣ ದ್ವಾರಗಳು ಮುಚ್ಚಿಕೊಳ್ಳುತ್ತವೆ. ಸುತ್ತ ನೀರಿದ್ದರೂ ಒಳಗೆ ಹೋಗುವುದಿಲ್ಲ. ಮೇಲೆ ಎಲೆ ಜೋತು ಬೀಳುತ್ತದೆ. ಮಧ್ಯಾಹ್ನ ಬಾಡುತ್ತಿದ್ದ ಮರಗಳಿಗೆ ಇನ್ನಷ್ಟು ನೀರು ಬಿಡಿ ಎಂದವರ ಮಾತು ಕೇಳಿದ್ದರೆ ಏನಾಗುತ್ತಿತ್ತೋ!

ಕಣ್ಣಿಗೆ ಕಾಣುವ ಸಾಕ್ಷಿ ಬೇಕು ಅನ್ನಿಸಿತು. ಎರಡು ಸರಳ ಪರೀಕ್ಷೆ ಮಾಡಿದೆ. ಒಂದು, ಗುಂಡಿ ತೋಡಿ ನೀರು ತುಂಬಿ ನೋಡುವುದು. ಮೊದಲ ಸಲ ತುಂಬಿದ ನೀರನ್ನು ಒಣ ಮಣ್ಣು ಹೀರಿಕೊಳ್ಳುತ್ತದೆ, ಅದು ಲೆಕ್ಕಕ್ಕಿಲ್ಲ. ಎರಡನೇ ಸಲ ತುಂಬಿದ್ದು ಎಷ್ಟು ಹೊತ್ತಿಗೆ ಬಸಿಯುತ್ತದೆ ಎಂಬುದೇ ಮುಖ್ಯ. ಏರಿನಲ್ಲಿ ಕೆಲಸ ಮುಗಿಸಿ ತಿರುಗಿ ಬರುವಷ್ಟರಲ್ಲಿ ಗುಂಡಿ ಖಾಲಿ. ತಗ್ಗಿನಲ್ಲಿ ಮಾರನೇ ದಿನವೂ ನೀರು ಹಾಗೇ ನಿಂತಿತ್ತು.

ಇನ್ನೊಂದು ನನಗೆ ತುಂಬ ಇಷ್ಟವಾದ ಪರೀಕ್ಷೆ. ಹೊಳೆಯುವಂತೆ ಉಜ್ಜಿದ ಕಬ್ಬಿಣದ ಸರಳುಗಳನ್ನು ಮಣ್ಣಿಗೆ ಇಳಿಸಿ ಕೆಲವು ತಿಂಗಳು ಬಿಡುವುದು. ಗಾಳಿಯಾಡುವ ಆಳದವರೆಗೆ ಸರಳು ಕಂದು ತುಕ್ಕು ಹಿಡಿಯುತ್ತದೆ. ಅದರ ಕೆಳಗೆ ತುಕ್ಕಿಲ್ಲ, ಮಂಕು ಬೂದು ಬಣ್ಣ. ಅರಣ್ಯ ಮಣ್ಣಿನ ಅಧ್ಯಯನಗಳಲ್ಲಿ 1980ರ ದಶಕದಿಂದ ಬಳಸುವ ವಿಧಾನ ಇದು. ಕಾಸು ಖರ್ಚಿಲ್ಲ, ತಾಳ್ಮೆ ಬೇಕು. ಏರಿನ ಸರಳು ಪೂರ್ತಿ ಉದ್ದಕ್ಕೂ ತುಕ್ಕು ಹಿಡಿದು ಬಂತು. ತಗ್ಗಿನದು ಮೇಲಿನ ಒಂದು ಗೇಣು ಮಾತ್ರ. ಅಗೆದು ನೋಡಿದಾಗ ಬೇರು ಸತ್ತಿದ್ದ ಆಳಕ್ಕೂ ಸರಳಿನಲ್ಲಿ ತುಕ್ಕು ನಿಂತ ಆಳಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ಸಂಶೋಧಕರು ಇದನ್ನೇ ಇನ್ನೂ ನಿಖರವಾಗಿ ಅಳೆಯುತ್ತಾರೆ. ತೆಳು ಪ್ಲಾಟಿನಂ ತಂತಿಯನ್ನು ಮಣ್ಣಿಗೆ ಚುಚ್ಚಿ, ಅದರ ಮೇಲ್ಮೈಗೆ ಆಮ್ಲಜನಕ ಎಷ್ಟು ವೇಗದಲ್ಲಿ ಬಂದು ಸೇರುತ್ತದೆ ಎಂದು ನೋಡುತ್ತಾರೆ. ತಂತಿ ಅಲ್ಲಿ ಬೇರಿನ ಪಾತ್ರ ವಹಿಸುತ್ತದೆ. ಒಂದು ಚದರ ಸೆಂಟಿಮೀಟರಿಗೆ ನಿಮಿಷಕ್ಕೆ 0.2 ಮೈಕ್ರೋಗ್ರಾಂಗಿಂತ ಕಡಿಮೆಯಾದರೆ ಬಹಳಷ್ಟು ಗಿಡಗಳ ಬೇರು ಬೆಳೆಯುವುದನ್ನು ನಿಲ್ಲಿಸುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕೇಂದ್ರದಲ್ಲಿ 1960ರ ದಶಕದಲ್ಲಿ ಸ್ಟೋಲ್ಜಿ, ಲೀಟಿ, ಕ್ಲಾಟ್ಜ್ ಮುಂತಾದವರು ಇದೇ ವಿಷಯದ ಮೇಲೆ ಕೆಲಸ ಮಾಡಿದ್ದರು. ಕಿತ್ತಳೆ ಸಸಿಗಳ ಮಣ್ಣು ಹೆಚ್ಚು ಹೊತ್ತು ನೀರು ತುಂಬಿ ನಿಂತಷ್ಟೂ ಬೇರು ಕೊಳೆ ಹೆಚ್ಚುವುದನ್ನು ಅವರು ತೋರಿಸಿದರು. ಗಾಳಿಯ ಕೊರತೆ ಮತ್ತು ರೋಗ ಬೇರೆ ಬೇರೆ ಕಥೆಗಳು ಎಂದುಕೊಂಡಿದ್ದ ನನಗೆ, ಎರಡೂ ಒಂದೇ ಕಥೆಯ ಭಾಗ ಎಂದು ಕಂಡದ್ದು ಇಲ್ಲಿ.

ಈಗ ರೋಗಕ್ಕೆ ಬರೋಣ. ಕಿತ್ತಳೆ ಜಾತಿಯ ಬೇರು ಕೊಳೆಸುವ ಮುಖ್ಯ ಜೀವಿ ಫೈಟೋಫ್ತೋರಾ. ಸುಮ್ನೆ ಮಾತಿಗೆ ಶಿಲೀಂಧ್ರ ಅನ್ನುತ್ತೇವೆ. ನಿಜಕ್ಕೂ ಅದು ಶಿಲೀಂಧ್ರವಲ್ಲ, ಕಂದು ಪಾಚಿಗಳ ದೂರದ ನೆಂಟ. ಅದಕ್ಕೇ ನೀರು ಅಂದರೆ ಅಷ್ಟು ಪ್ರೀತಿ. ಬೆಚ್ಚನೆಯ ಮಣ್ಣಿನಲ್ಲಿ ನಿಕೋಟಿಯಾನೆ ಎಂಬ ಪ್ರಭೇದ ಜೋರು ಮಾಡುತ್ತದೆ, ತಂಪು ಹೊತ್ತಿನಲ್ಲಿ ಸಿಟ್ರೋಫ್ತೋರಾ. ಇವು ಸಣ್ಣ ಚೀಲಗಳನ್ನು ಕಟ್ಟುತ್ತವೆ. ಚೀಲ ಒಡೆದಾಗ ಎರಡು ಬಾಲವಿರುವ ಬೀಜಕಣಗಳು ಹೊರಬಂದು ನೀರಿನಲ್ಲಿ ಈಜುತ್ತವೆ. ತಾವಾಗಿ ಅವು ಈಜುವುದು ಕೆಲವೇ ಸೆಂಟಿಮೀಟರ್. ಹರಿಯುವ ನೀರು ಸಿಕ್ಕರೆ ಎಷ್ಟು ದೂರ ಬೇಕಾದರೂ ಹೋದಾವು.

ಅವು ಬೇರನ್ನು ಹುಡುಕುವ ರೀತಿ ನನ್ನನ್ನು ಬೆರಗಾಗಿಸಿತು. ಬೇರಿನ ತುದಿಯಿಂದ ಸೋರುವ ಸಕ್ಕರೆ, ಅಮೈನೋ ಆಮ್ಲಗಳ ಜಾಡು ಹಿಡಿದು ಬರುತ್ತವೆ. ಉಸಿರುಗಟ್ಟಿದ ಬೇರು ಇವನ್ನೆಲ್ಲ ಹೆಚ್ಚು ಸೋರಿಸುತ್ತದೆ, ಜೊತೆಗೆ ಎಥನಾಲ್ ಬೇರೆ. ಅಂದರೆ ಆಮ್ಲಜನಕ ಕಡಿಮೆಯಾದ ಬೇರು ತಾನೇ ಶತ್ರುವನ್ನು ಕೂಗಿ ಕರೆಯುತ್ತದೆ. ಆಮೇಲೆ ಹೋರಾಡಲು, ಹೊಸ ಬೇರು ಬಿಡಲು ಅದರ ಹತ್ತಿರ ಶಕ್ತಿಯೂ ಇರುವುದಿಲ್ಲ. ಆರೋಗ್ಯವಾಗಿರುವ ಮರ ಒಂದಿಷ್ಟು ಹೀರುಬೇರು ಕಳೆದುಕೊಂಡರೂ ಮತ್ತೆ ಬಿಟ್ಟುಕೊಳ್ಳುತ್ತದೆ. ಏರಿನ ಮಣ್ಣಿನಲ್ಲೂ ಫೈಟೋಫ್ತೋರಾ ಇತ್ತು, ಅದು ಆಮೇಲೆ ಗೊತ್ತಾಯಿತು. ಅಲ್ಲಿನ ಮರಗಳು ಕೊಳೆಯುವುದಕ್ಕಿಂತ ಬೇಗ ಹೊಸ ಬೇರು ಬಿಡುತ್ತಿದ್ದವು, ಅಷ್ಟೇ ವ್ಯತ್ಯಾಸ.

ಇದರಲ್ಲಿ ಇನ್ನೊಂದು ತಿರುವಿದೆ. ಫೈಟೋಫ್ತೋರಾಕ್ಕೂ ಉಸಿರು ಬೇಕು. ಪೂರ್ತಿ ಮುಳುಗಿದ, ಗಾಳಿಯೇ ಇಲ್ಲದ ಮಣ್ಣಿನಲ್ಲಿ ಅದು ಬೀಜಕಣದ ಚೀಲ ಕಟ್ಟುವುದಿಲ್ಲ. ಒದ್ದೆಯಾಗಿದ್ದು ಸ್ವಲ್ಪ ಗಾಳಿಯೂ ಆಡುವಾಗ ಚೀಲ ಕಟ್ಟುತ್ತದೆ. ಮತ್ತೆ ನೀರು ತುಂಬಿದಾಗ ಚೀಲ ಒಡೆಯುತ್ತದೆ. ಹಾಗಾಗಿ ಆಗಾಗ ನೀರು ಬಿಟ್ಟು, ಅರ್ಧ ಬಸಿದಾಗ ಮತ್ತೆ ಬಿಡುವ ಪದ್ಧತಿಯೇ ಅದಕ್ಕೆ ಹಬ್ಬ. ತಗ್ಗಿನ ಸಾಲುಗಳಿಗೆ ಮೊದಲಿನಿಂದ ನಡೆದುಕೊಂಡು ಬಂದದ್ದು ಇದೇ ಪದ್ಧತಿ. ಏರಿನ ಮರಳು ಮಿಶ್ರಿತ ಮಣ್ಣಿಗೆ ಹೊಂದುವ ವೇಳಾಪಟ್ಟಿಯನ್ನೇ ಇಡೀ ತೋಟಕ್ಕೆ ಹಾಕಲಾಗಿತ್ತು.

ಮಣ್ಣಿನಲ್ಲಿ ಅದು ಇದೆಯೋ ಇಲ್ಲವೋ ನೋಡಲು ಮನೆಯಲ್ಲೇ ಮಾಡಬಹುದಾದ ಒಂದು ಉಪಾಯವಿದೆ. ತಟ್ಟೆಯಲ್ಲಿ ಬೇರಿನ ಸುತ್ತಲಿನ ಮಣ್ಣು ಹಾಕಿ, ಮೇಲೆ ಎರಡು ಬೆರಳಷ್ಟು ನೀರು ನಿಲ್ಲಿಸಿ, ನಿಂಬೆ ಎಲೆಯ ತುಂಡುಗಳನ್ನು ತೇಲಿಬಿಡುವುದು. ಕತ್ತರಿಸಿದ ಅಂಚಿನಿಂದ ಕೆಲವು ದಿನಗಳಲ್ಲಿ ಕಂದು ಬಣ್ಣ ಒಳಗೆ ಹರಡಿತು. ಇದೊಂದೇ ಸಾಲದು, ಅದರದೇ ಬಳಗದ ಪಿಥಿಯಂ ಎಂಬ ಜೀವಿ ಕೂಡ ಎಲೆಯನ್ನು ಹೀಗೇ ಮಾಡುತ್ತದೆ. ಆ ತುಂಡುಗಳನ್ನು ಪ್ರಯೋಗಾಲಯಕ್ಕೆ ಕೊಟ್ಟೆ. ಸೂಕ್ಷ್ಮದರ್ಶಕದಲ್ಲಿ ಫೈಟೋಫ್ತೋರಾದ ಚೀಲ ಕಂಡಿತು. ತುದಿಯಲ್ಲಿ ಸಣ್ಣ ಮೊನೆಯಿದ್ದು, ಆಕಾರದಲ್ಲಿ ಅದೂ ಒಂದು ಪುಟ್ಟ ನಿಂಬೆಹಣ್ಣೇ! ಎರಡೂ ಕಡೆಯ ಮಣ್ಣು ಕೊಟ್ಟಿದ್ದರಿಂದಲೇ ಏರಿನಲ್ಲೂ ಅದು ಇರುವುದು ತಿಳಿದದ್ದು.

ಬುಡಗಳನ್ನೂ ಒಂದೊಂದಾಗಿ ನೋಡಿದೆ. ಕೆಲವು ಮರಗಳ ಕಸಿ ಗಂಟು, ಅಂದರೆ ಬೇರಿನ ಗಿಡಕ್ಕೆ ಮೇಲಿನ ತಳಿಯನ್ನು ಕೂಡಿಸಿದ ಜಾಗ, ಮಣ್ಣಿನಲ್ಲಿ ಹೂತುಹೋಗಿತ್ತು. ಅಂಥ ಕಡೆ ತೊಗಟೆ ಬಿರಿದು ಅಂಟು ಸೋರಿತ್ತು. ಮಳೆ ಬಂದರೆ ಈ ಅಂಟು ಕರಗಿ ತೊಳೆದುಹೋಗುತ್ತದೆ, ಆದ್ದರಿಂದ ಒಣ ಹವೆಯಲ್ಲಿ ನೋಡುವುದು ಒಳ್ಳೆಯದು. ಚಾಕುವಿನಿಂದ ಕೆರೆದರೆ ತೊಗಟೆ ಕಂದು, ಒಳಗಿನ ಮರ ಚೆನ್ನಾಗಿತ್ತು. ಫೈಟೋಫ್ತೋರಾ ತೊಗಟೆಯಲ್ಲೇ ನಿಲ್ಲುತ್ತದೆ, ಮರದೊಳಗೆ ಆಳಕ್ಕೆ ಹೋಗುವುದಿಲ್ಲ. ಒಂದು ಮರದಲ್ಲಿ ಮಾತ್ರ ಒಳಗಿನ ಕಟ್ಟಿಗೆಯೇ ಬೂದು ನೇರಳೆ ಬಣ್ಣಕ್ಕೆ ತಿರುಗಿ ಒಣಗಿತ್ತು. ಅದು ಫ್ಯುಸೇರಿಯಂ ಎಂಬ ಶಿಲೀಂಧ್ರ ತರುವ ಒಣ ಬೇರು ಕೊಳೆ. ಮೊದಲೇ ಸೋತ ಮರದ ಮೇಲೆ ಬರುವಂಥದ್ದು. ಆ ಮರ ಎಲೆ ಉದುರಿಸಲೂ ಸಮಯವಿಲ್ಲದಂತೆ ಒಮ್ಮೆಲೇ ಒಣಗಿತು.

ಕಸಿ ಗಂಟು ಹೂಳಬಾರದು ಎಂಬುದಕ್ಕೆ ಹಳೆಯ ಇತಿಹಾಸವಿದೆ. 1830ರ ದಶಕದಲ್ಲಿ ಅಟ್ಲಾಂಟಿಕ್ ಸಾಗರದ ಅಜೋರ್ಸ್ ದ್ವೀಪಗಳಲ್ಲಿ ಬುಡ ಕೊಳೆ ಬಂದು ಕಿತ್ತಳೆ ತೋಟಗಳು ನಾಶವಾದವು. ಆಗ ಸಿಹಿ ಕಿತ್ತಳೆಯನ್ನು ಅದರದೇ ಬೇರಿನ ಮೇಲೆ ಬೆಳೆಸುತ್ತಿದ್ದರು. ಆಮೇಲೆ ಮೆಡಿಟರೇನಿಯನ್ ಬೆಳೆಗಾರರು ಬುಡ ಕೊಳೆ ತಡೆಯುವ ಹುಳಿ ಕಿತ್ತಳೆಯ ಬೇರಿಗೆ ಕಸಿ ಕಟ್ಟಲು ಶುರು ಮಾಡಿದರು. ಕಸಿ ಗಂಟನ್ನು ಹೂತರೆ ಮೇಲಿನ ಸಿಹಿ ಕಿತ್ತಳೆಯ ತೊಗಟೆ ಮಣ್ಣಿಗೆ ತಾಗುತ್ತದೆ, ಕಸಿ ಕಟ್ಟಿದ ಉದ್ದೇಶವೇ ವ್ಯರ್ಥ. ಹುಳಿ ಕಿತ್ತಳೆಗೂ ಕೊನೆಗೆ ಕಂಟಕ ಬಂತು. ಟ್ರಿಸ್ಟೆಜಾ ವೈರಸ್ 1930ರ ದಶಕದಿಂದ ಆ ಬೇರಿನ ಮೇಲಿದ್ದ ಲಕ್ಷಾಂತರ ಮರಗಳನ್ನು ಕೊಂದಿತು. ಒಂದು ರೋಗಕ್ಕೆ ಗಟ್ಟಿ ಬೇರು ಇನ್ನೊಂದಕ್ಕೆ ಮೆತ್ತಗೆ. ಇದಕ್ಕೆ ಯಾರೂ ಏನೂ ಮಾಡುವ ಹಾಗಿಲ್ಲ.

ಕೆಲಸ ಶುರು ಮಾಡಿದ್ದು ನೀರಿನಿಂದ. ತಗ್ಗಿಗೆ ಬೇರೆ ಗೇಟ್ ವಾಲ್ವ್ ಹಾಕಿಸಿದೆ. ಒಂದು ಅಡಿ ಆಳದಲ್ಲಿ ಮಣ್ಣು ಎಷ್ಟು ಒಣಗಿದೆ ಎಂದು ತೋರಿಸುವ ಟೆನ್ಶಿಯೋಮೀಟರ್ ಇಟ್ಟೆ. ಅದು ಕೇಳಿದಾಗಲೇ ನೀರು. ಮೊದಮೊದಲು ವಾರಗಟ್ಟಲೆ ಅದು ಕೇಳಲೇ ಇಲ್ಲ. ಹಳೆ ಪಾತಿಗಳನ್ನು ಕಿತ್ತು ಬುಡದ ಮಣ್ಣು ಸರಿಸಿ, ದಪ್ಪ ಬೇರುಗಳು ಕವಲೊಡೆಯುವ ಜಾಗ ಕಾಣುವವರೆಗೆ ಬಿಡಿಸಿದೆ. ಈ ಕೆಲಸ ಕೈಯಲ್ಲೇ ಆಗಬೇಕು. ಗುದ್ದಲಿ ತಾಗಿ ತೊಗಟೆ ಗಾಯವಾದರೆ ರೋಗಕ್ಕೆ ನಾವೇ ಬಾಗಿಲು ತೆರೆದ ಹಾಗೆ.

ಆಮೇಲೆ ಬಸಿಗಾಲುವೆ. ಅಗೆದಾಗ ಅರ್ಧ ಮೀಟರಿಗೂ ಮೊದಲೇ ಒಂದು ಗಟ್ಟಿ ಪದರ ಸಿಕ್ಕಿತ್ತು. ನೀರು ನಿಲ್ಲುತ್ತಿದ್ದದ್ದು ಅದರ ಮೇಲೆ. ಕಾಲುವೆ ಆ ಪದರಕ್ಕಿಂತ ಕೆಳಗಿಳಿಯದಿದ್ದರೆ ಪ್ರಯೋಜನವಿಲ್ಲ. ಸಾಲುಗಳ ನಡುವೆ ಪದರವನ್ನು ಒಡೆಸಿದ್ದು ಮಣ್ಣು ಒಣಗಿದ ಮೇಲೆ. ಒದ್ದೆ ಜೇಡಿಗೆ ಯಂತ್ರ ಇಳಿಸಿದರೆ ಅದು ಒಡೆಯುವುದಿಲ್ಲ, ಮೆತ್ತಿಕೊಂಡು ಇನ್ನೂ ಬಿಗಿಯಾಗುತ್ತದೆ. ಮರಗಳ ಗುಂಡಿಗಳ ವಿಚಾರ ಇನ್ನೂ ವಿಚಿತ್ರ. ನೆಡುವಾಗ ಜೇಡಿಯಲ್ಲಿ ದೊಡ್ಡ ಗುಂಡಿ ತೋಡಿ, ಮರಳು ಗೊಬ್ಬರ ತುಂಬಿದ್ದರು. ಒಳ್ಳೆಯ ಉದ್ದೇಶವೇ. ಆದರೆ ಸುತ್ತಲಿನ ನೀರೆಲ್ಲ ಆ ಸಡಿಲ ಮಣ್ಣಿಗೆ ಇಳಿದು, ಹೊರಹೋಗಲು ದಾರಿಯಿಲ್ಲದೆ, ಪ್ರತಿ ಗುಂಡಿಯೂ ತೂತಿಲ್ಲದ ಬಾನಿಯಾಗಿತ್ತು. ಪ್ರತಿ ಗುಂಡಿಯಿಂದ ಕಾಲುವೆಗೆ ಒಂದು ಸೀಳು ಕೊಟ್ಟ ಮೇಲೆ, ಮಳೆಯಿಲ್ಲದ ದಿನವೂ ಅವುಗಳಿಂದ ನೀರು ಸೋರುತ್ತಲೇ ಇತ್ತು.

ಮದ್ದಿನ ಸರದಿ ಇದೆಲ್ಲದರ ನಂತರ. ಬುಡಕ್ಕೆ ಬೋರ್ಡೋ ಮುಲಾಮು ಬಳಿದೆ. ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ಹತ್ತು ಲೀಟರ್ ನೀರು. ಕಬ್ಬಿಣದ ಪಾತ್ರೆ ಬೇಡ. ಉಜ್ಜಿದ ಚಾಕುವನ್ನು ಅದರಲ್ಲಿ ಅದ್ದಿ ನೋಡಬೇಕು. ಚಾಕು ಕೆಂಪಾದರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಬೇಕು ಎಂದರ್ಥ. ಬೇರಿಗಾಗಿ ಫಾಸ್ಫೋನೇಟ್ ಎಂಬ ಮದ್ದು ಆರಿಸಿಕೊಂಡೆ. ಅದರ ಗುಣ ಅಪರೂಪ. ಎಲೆಗೆ ಸಿಂಪಡಿಸಿದರೂ ಕೆಳಗಿಳಿದು ಬೇರು ಮುಟ್ಟುತ್ತದೆ. ಬಹಳ ಮದ್ದುಗಳು ಬೇರಿನಿಂದ ಮೇಲಕ್ಕೆ ಮಾತ್ರ ಹೋಗುತ್ತವೆ, ಮೆಟಲಾಕ್ಸಿಲ್ ಕೂಡ ಹಾಗೇ. ಆದರೆ ಫಾಸ್ಫೋನೇಟ್ ಇಳಿಯಬೇಕಾದರೆ ಮರದಲ್ಲಿ ಎಲೆ ಇರಬೇಕು. ಎಲೆಯೆಲ್ಲ ಉದುರಿದ ಮರಕ್ಕೆ ಸಿಂಪಡಿಸಿ ಏನು ಮಾಡುವುದು? ತಾಮ್ರದ ಮದ್ದಿನ ಜೊತೆ ಇದನ್ನು ಬೆರೆಸಬಾರದು, ಎಲೆ ಸುಡುತ್ತದೆ. ರೋಗಾಣುಗಳನ್ನು ಹತ್ತಿಕ್ಕುವ ಟ್ರೈಕೋಡರ್ಮಾ ಶಿಲೀಂಧ್ರ ಹಾಕಿ ಎಂದು ತುಂಬ ಜನ ಹೇಳಿದರು. ಅದೂ ಉಸಿರಾಡುವ ಜೀವಿ. ನೀರು ನಿಂತ ಮಣ್ಣಿಗೆ ಹಾಕಿದರೆ ಅದೇ ಮೊದಲು ಸಾಯುತ್ತದೆ. ಬಸಿಗಾಲುವೆ ಆದ ಮೇಲೆ ಹಾಕಿದೆ. ಹಸಿ ಸಗಣಿ ಗೊಬ್ಬರ ಮಾತ್ರ ಹಾಕಲಿಲ್ಲ. ಅದು ಕೊಳೆಯುವಾಗ ಇರುವ ಆಮ್ಲಜನಕವನ್ನೂ ತಿಂದುಬಿಡುತ್ತದೆ.

ಮರಗಳ ಮೇಲಿನ ಭಾರವನ್ನೂ ಇಳಿಸಿದೆ. ಬೇರು ಅರ್ಧ ಹೋಗಿರುವ ಮರ ಪೂರ್ತಿ ಕೊಂಬೆಗಳಿಗೆ ನೀರು ಕೊಡಲಾರದು. ಒಣ ಕಡ್ಡಿ ತೆಗೆದು, ಹಸಿ ಕೊಂಬೆಯನ್ನು ಹಗುರವಾಗಿ ಸವರಿ, ಕಾಯಿಗಳನ್ನೆಲ್ಲ ಕಿತ್ತೆ. ಕಾಯಿ ಕೀಳುವಾಗ ಹೊಟ್ಟೆ ಉರಿಯಿತು ನಿಜ. ನೆಲಕ್ಕೆ ತಾಗುತ್ತಿದ್ದ ಕೊಂಬೆಗಳನ್ನೂ ಕತ್ತರಿಸಿದೆ. ಮಳೆಹನಿ ಸಿಡಿದಾಗ ಮಣ್ಣಿನ ಬೀಜಕಣ ಕೆಳಗಿನ ಹಣ್ಣಿಗೆ ಹತ್ತಿ ಕಂದು ಕೊಳೆ ತರುತ್ತದೆ. ಗೊಬ್ಬರವನ್ನು ಮಣ್ಣಿಗೆ ಕೊಡದೆ, ಸತು ಮತ್ತು ಸ್ವಲ್ಪ ಯೂರಿಯಾವನ್ನು ತಿಳಿಯಾಗಿ ಎಲೆಗೆ ಸಿಂಪಡಿಸಿದೆ. ಸತು ಕೊರತೆ ಎಂದವರ ಮಾತು ಸುಳ್ಳಾಗಿರಲಿಲ್ಲ. ಮಣ್ಣಿನಲ್ಲಿ ಸತು ಇತ್ತು, ಹೀರಲು ಬೇರಿರಲಿಲ್ಲ.

ಫಲ ಮೊದಲು ಕಂಡದ್ದು ಮಣ್ಣಿನೊಳಗೆ. ಮೇಲೆ ಮರ ಹಾಗೇ ಸೊರಗಿರುವಾಗಲೇ, ಕೆಳಗೆ ಕಪ್ಪು ಬೇರುಗಳ ಪಕ್ಕದಿಂದ ಬಿಳಿ ತುದಿಗಳು ಹೊರಟಿದ್ದವು. ವಾಸನೆ ಹೋಗಿತ್ತು. ಚಿಗುರು ಬಂದದ್ದು ಅದಾದ ಎಷ್ಟೋ ದಿನದ ಮೇಲೆ. ಕಿತ್ತಳೆ ಮರ ಬೇರು ಬಿಡುವ ಸರದಿ, ಚಿಗುರು ಬಿಡುವ ಸರದಿ ಎಂದು ಬೇರೆ ಬೇರೆ ಮಾಡಿಕೊಳ್ಳುತ್ತದೆ. ಆ ನಡುವಿನ ಕಾಲದಲ್ಲಿ ಏನೂ ಆಗುತ್ತಿಲ್ಲ ಎಂದು ಗಾಬರಿಯಾಗಿ ಗೊಬ್ಬರ ಸುರಿಯುವವರೇ ಜಾಸ್ತಿ. ಮುಂದಿನ ವರ್ಷದ ಎಲೆ ಅಗಲವಾಗಿ ಬಂತು. ಕಾಂಡದ ಸುತ್ತ ಅರ್ಧಕ್ಕಿಂತ ಹೆಚ್ಚು ತೊಗಟೆ ಕೊಳೆತಿದ್ದ ಮರಗಳು ಮಾತ್ರ ಚೇತರಿಸಿಕೊಳ್ಳಲಿಲ್ಲ. ಅವನ್ನು ಬೇರುಸಹಿತ ತೆಗೆಸಿದೆ.

ಖಾಲಿಯಾದ ಜಾಗಗಳಲ್ಲಿ ಗುಂಡಿ ತೋಡದೆ ಏರು ಮಡಿ ಹಾಕಿ ಹೊಸ ಸಸಿ ನೆಟ್ಟಿದ್ದೇನೆ. ಕಸಿ ಗಂಟು ನೆಲದಿಂದ ಒಂದು ಗೇಣಿಗಿಂತ ಮೇಲಿದೆ. ಮೊದಲಿದ್ದ ಮರಗಳು ಜಂಬೇರಿ ಎಂಬ ಒರಟು ನಿಂಬೆಯ ಬೇರಿಗೆ ಕಸಿ ಕಟ್ಟಿದವು. ಅದು ಬರಕ್ಕೆ ಗಟ್ಟಿ, ಬೇರು ಕೊಳೆಗೆ ಮೆತ್ತಗೆ. ಈ ಸಲ ಮೂರೆಲೆ ಕಿತ್ತಳೆಯ ಬೇರಿನ ಸಸಿ ತಂದೆ. ಫೈಟೋಫ್ತೋರಾಕ್ಕೆ ಅದು ಚೆನ್ನಾಗಿ ತಡೆಯೊಡ್ಡುತ್ತದೆ. ಸುಣ್ಣದಂಶ ಹೆಚ್ಚಿರುವ ಮಣ್ಣಿನಲ್ಲಿ ಅದರ ಎಲೆ ಕಬ್ಬಿಣ ಸಿಗದೆ ಹಳದಿಯಾಗುತ್ತದೆ ಎಂಬುದೊಂದು ತೊಡಕು, ಹಾಗಾಗಿ ಮೊದಲು ಮಣ್ಣಿನ ಪಿಎಚ್ ನೋಡಿಯೇ ತಂದದ್ದು. ಎಲ್ಲಕ್ಕಿಂತ ಕೆಳಗಿನ ಸಾಲನ್ನು ಮಾತ್ರ ಮತ್ತೆ ನೆಡಲಿಲ್ಲ. ಬಸಿಗಾಲುವೆಗಳ ನೀರೆಲ್ಲ ಅಲ್ಲಿಗೇ ಬಂದು ಸೇರುತ್ತದೆ. ಆ ನೀರನ್ನು ಪಂಪ್ ಹಚ್ಚಿ ಮತ್ತೆ ತೋಟಕ್ಕೆ ಬಿಟ್ಟರೆ ಏನು ಎಂದು ಕೇಳಿದವರಿದ್ದಾರೆ. ಅದರಲ್ಲಿ ಬೀಜಕಣ ತುಂಬಿರುತ್ತದೆ, ಬೇಡ ಅಂದೆ. ಅಲ್ಲಿ ಈಗ ಹುಲ್ಲು ಬೆಳೆಯುತ್ತಿದೆ.